ಆ ಟ್ರೈ ಆನ್ ಬಟನ್ ಯಾರಿಗೋಸ್ಕರ ಇಟ್ಟಿದ್ದೀರಿ ಸ್ವಾಮಿ?

ಬಟ್ಟೆ ಮಾರೋ ಆಪ್‌ಗಳಲ್ಲಿ ಈಗ ಹೊಸದಾಗಿ ಒಂದು ಬಟನ್ ಬಂದಿದ್ಯಲ್ಲ, ನಿಮ್ಮ ಫೋಟೋ ಕೊಡಿ, ಈ ಬಟ್ಟೆ ನಿಮ್ಮ ಮೈಮೇಲೆ ಹೆಂಗೆ ಕಾಣುತ್ತೆ ಅಂತ ಎಐ ತೋರಿಸುತ್ತೆ ಅಂತ, ಅದನ್ನ ಕಂಡುಹಿಡಿದ ಪುಣ್ಯಾತ್ಮರು ಜೀವಮಾನದಲ್ಲಿ ಒಂದ್ಸಲನಾದ್ರೂ ಟ್ರಯಲ್ ರೂಮ್ ಒಳಗೆ ಹೋಗಿದ್ದಾರಾ ಅಂತ ನನಗೆ ಡೌಟು. ನಾನು ಬಳಸಿದ ಆಪಲ್ಲಿ ಸೈಜು ಸ್ಮಾಲ್ ಒತ್ತಿದ್ರೂ ಅದೇ ಫೋಟೋ, ಡಬಲ್ ಎಕ್ಸೆಲ್ ಒತ್ತಿದ್ರೂ ಅದೇ ಫೋಟೋ. ಸ್ಮಾಲ್ ಸೈಜಿನ ಕುರ್ತಾ ನನ್ನ ಮೊಣಕೈ ದಾಟಿ ಮೇಲೆ ಏರಲ್ಲ ಕಣ್ರೀ, ಫೋಟೋದಲ್ಲಿ ಮಾತ್ರ ಒಂದು ಸುಕ್ಕಿಲ್ಲದಂಗೆ, ನನಗೇ ಅಂತ ಹೊಲಿಸಿದಂಗೆ ಕೂತಿದೆ!

ನಾವು ಟ್ರಯಲ್ ರೂಮಿಗೆ ಹೋಗೋದು ಯಾವ ಬಟ್ಟೆ ಬೇಡ ಅಂತ ನೋಡಕ್ಕೇನೇ. ಐದು ಹಾಕ್ಕೊಂಡು ನಾಲ್ಕು ಬಿಸಾಕಿ ಬರ್ತೀವಿ. ಕಂಕುಳ ಹತ್ರ ಬಿಗಿ, ಎದೆ ಹತ್ರ ಗುಂಡಿ ಬಾಯಿ ಬಿಡ್ತಿದೆ, ಕೂತ್ರೆ ಸೊಂಟದ ಹತ್ರ ಗುಡ್ಡೆ ಆಗ್ತಿದೆ, ಕೈ ಎತ್ತಿದ್ರೆ ಹೊಟ್ಟೆ ಕಾಣುತ್ತೆ, ಇವೆಲ್ಲ ಗೊತ್ತಾಗ್ಲಿ ಅಂತ ತಾನೇ ಆ ಕಿಷ್ಕಿಂಧೆ ರೂಮಲ್ಲಿ ಒದ್ದಾಡೋದು. ಈ ಎಐ ಮಾತ್ರ ನನಗೆ ಇದುವರೆಗೂ ಒಂದೇ ಒಂದು ಬಟ್ಟೆಗೂ ಆಗಲ್ಲ ಅಂದಿಲ್ಲ. ಎಲ್ಲಾ ಆಗುತ್ತೆ, ಎಲ್ಲಾ ಒಪ್ಪುತ್ತೆ, ಎಲ್ಲದರಲ್ಲೂ ನಾನು ಸುರಸುಂದರಿ. ಚಿಕ್ಕಪೇಟೆ ಅಂಗಡಿ ಹುಡುಗನಾದ್ರೂ ಸೀರೆ ಸೆರಗನ್ನ ತನ್ನ ಹೆಗಲಿಗೇ ಹಾಕ್ಕೊಂಡು ನೆರಿಗೆ ಹಿಡಿದು ತೋರಿಸಿ, ಅಕ್ಕಾ ಇದು ನಿಮಗೆ ಡಲ್ ಹೊಡಿಯುತ್ತೆ ಆ ಹಸಿರು ತಗೊಳ್ಳಿ ಅಂತಾನೆ. ಹಸಿರು 800 ರೂಪಾಯಿ ಜಾಸ್ತಿ ಇರುತ್ತೆ ಅದು ಬೇರೆ ವಿಷಯ.

ಈಗ ನನ್ನ ಕಥೆ ಕೇಳಿ. ದೊಡ್ಡಮ್ಮನ ಮಗನ ನಿಶ್ಚಿತಾರ್ಥಕ್ಕೆ ಅಂತ ಒಂದು ಅನಾರ್ಕಲಿ ಸೆಟ್ ನೋಡಿದೆ, ರಾಣಿ ಪಿಂಕು, ಟ್ರೈ ಆನ್ ಒತ್ತಿದೆ, ಚೆನ್ನಾಗಿ ಕಾಣ್ತು, ಮನೆಯೋರಿಗೆಲ್ಲ ತೋರಿಸಿದೆ, ಎಲ್ಲರೂ ತಗೋ ತಗೋ ಅಂದ್ರು, ತಗೊಂಡೆ. ಬಂದಿದ್ದು ನೋಡಿದ್ರೆ ಪಿಂಕ್ ಅಲ್ಲ, ಹಳೇ ಇಟ್ಟಿಗೆ ಬಣ್ಣ. ಫೋಟೋದಲ್ಲಿ ಪಾದ ಮುಟ್ಟೋ ಘೇರು ನಿಜದಲ್ಲಿ ಮೀನಖಂಡಕ್ಕೇ ನಿಂತ್ಬಿಟ್ಟಿದೆ. ಲೈನಿಂಗ್ ಅನ್ನೋ ವಸ್ತುನೇ ಇಲ್ಲ, ಬೆಳಕಿಗೆ ಹಿಡಿದ್ರೆ ಆಚೆ ಮನೆ ಕಾಣುತ್ತೆ. ಎಐ ತಾನೇ ಪಾಪ ಅಂತ ಲೈನಿಂಗ್ ಕೊಟ್ಟು ಹೊಲಿದು ತೋರಿಸಿತ್ತು ಅನ್ಸುತ್ತೆ. ವಾಪಸ್ ಮಾಡಕ್ಕೆ ಹೋದ್ರೆ ರಿಟರ್ನ್ ಫೀ ಕಟ್ಟಂತೆ, ಯಾಕ್ರೀ ಕಟ್ಬೇಕು ಅಂತ ಚಾಟಲ್ಲಿ ಜಗಳ ಆಡಿದ್ರೆ ಆ ಕಡೆಯಿಂದ ಬಂದ ಉತ್ತರ ಏನು ಗೊತ್ತಾ, ಮೇಡಂ ನೀವು ಟ್ರೈ ಆನ್ ನೋಡಿನೇ ಆರ್ಡರ್ ಮಾಡಿದ್ದೀರಲ್ವಾ ಅಂತ! ನಾನು ನೋಡಿದ್ದು ನೀವು ಬರೆದ ಚಿತ್ರ ಮಾರಾಯಾ, ನನ್ನ ಮೈಮೇಲೆ ಬಟ್ಟೆ ಎಲ್ಲಿತ್ತು? ಅವರ ಫೋಟೋ ಕೆಳಗೇ ಇರುವೆ ಸೈಜಿನ ಅಕ್ಷರದಲ್ಲಿ ನಿಜವಾದ ಫಿಟ್ ಬೇರೆ ಇರಬಹುದು ಅಂತ ಇಂಗ್ಲಿಷಲ್ಲಿ ಬರ್ಕೊಂಡಿದ್ದಾರೆ. ಬೇರೆ ಇರಬಹುದಾದ್ರೆ ಟ್ರೈ ಆನ್ ಅಂತ ಹೆಸರು ಯಾಕೆ, ಚಿತ್ರಪಟ ಅಂತ ಇಡಿ.

ನನ್ನ ತಮ್ಮ ಇದೇ ಥರದ ಕೆಲಸದಲ್ಲಿ ಇದ್ದಾನೆ, ಅವನು ಬಿಡಿಸಿ ಹೇಳಿದ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಯ್ತು. ನಮ್ಮ ಫೋಟೋ ಕೊಟ್ರೆ ಇಂಥ ಎಐ ಸಾಮಾನ್ಯವಾಗಿ ಮೈ ಅಳತೆ ಏನೂ ತಗೊಳಲ್ಲ ಅಕ್ಕಾ, ಕತ್ತಿಂದ ಕೆಳಗೆ ಬಟ್ಟೆ ಬರೋ ಜಾಗನೆಲ್ಲ ಮೊದಲು ಅಳಿಸಿಬಿಡುತ್ತೆ, ಆಮೇಲೆ ಅಂಗಡಿಯೋರ ಬಟ್ಟೆ ಫೋಟೋ ನೋಡ್ಕೊಂಡು ಆ ಖಾಲಿ ಜಾಗದಲ್ಲಿ ಹೊಸದಾಗಿ ಬರೆಯುತ್ತೆ, ಕೈ ಹೆಂಗಿತ್ತು ಸೊಂಟ ಎಷ್ಟಿತ್ತು ಅನ್ನೋದೆಲ್ಲ ಅದರ ಅಂದಾಜು ಅಂದ. ಬಟ್ಟೆ ಕಾಟನ್ನಾ ರೇಯಾನಾ, ಎಳೆದ್ರೆ ಹಿಗ್ಗುತ್ತಾ, ತೂಕ ಎಷ್ಟು, ಇದ್ಯಾವುದೂ ಒಂದು ಫೋಟೋದಿಂದ ಅದಕ್ಕೆ ಗೊತ್ತಾಗಲ್ಲ. ಈ ವಿಷಯದಲ್ಲಿ ರಿಸರ್ಚ್ ಮಾಡೋರು ಎಐಗೆ ಕಲಿಸಕ್ಕೆ ತುಂಬಾ ಬಳಸೋ ವಿಟಾನ್ ಎಚ್‌ಡಿ ಅನ್ನೋ ಒಂದು ಫೋಟೋ ರಾಶಿ ಇದೆಯಂತೆ, ಅದರಲ್ಲಿರೋದು 13,679 ಜೋಡಿ ಫೋಟೋ, ಎಲ್ಲಾ ನೆಟ್ಟಗೆ ಮುಂದಕ್ಕೆ ಮುಖ ಮಾಡಿ ನಿಂತಿರೋ ಹೆಂಗಸರು ಮತ್ತೆ ಅವರ ಟಾಪುಗಳು. ಟಾಪು ಅಂದ್ರೆ ಟೀ ಶರ್ಟು, ಬ್ಲೌಸು ಆ ಥರದ್ದು. ಸೀರೆ ಎಲ್ಲಿಂದ ಬರ್ಬೇಕು, ದುಪಟ್ಟಾ ಎಲ್ಲಿಂದ ಬರ್ಬೇಕು. 2023ರಲ್ಲಿ ಗೂಗಲ್‌ನೋರು ಅಮೆರಿಕದಲ್ಲಿ ಈ ಟ್ರೈ ಆನ್ ಶುರು ಮಾಡಿದಾಗಲೂ ಹೆಂಗಸರ ಟಾಪಿಂದಾನೇ ಶುರು ಮಾಡಿದ್ದು, ಆಗ ನಮ್ಮ ಫೋಟೋ ಕೇಳ್ತಿರ್ಲಿಲ್ಲ, ಡಬಲ್ ಎಕ್ಸ್ ಎಸ್‌ನಿಂದ 4 ಎಕ್ಸೆಲ್‌ವರೆಗೆ ಬೇರೆ ಬೇರೆ ಮೈಕಟ್ಟಿನ ಮಾಡೆಲ್‌ಗಳ ಮೇಲೆ ತೋರಿಸ್ತಿದ್ರು, ನಮ್ಮ ಹಂಗಿರೋರನ್ನ ನಾವೇ ಆರಿಸ್ಕೊಬೇಕಿತ್ತು. ನನ್ನ ಕೇಳಿದ್ರೆ ಅದೇ ವಾಸಿ, ಅವಳು ಯಾರೋ ಬೇರೆಯವಳು ಅಂತ ಗೊತ್ತಿರುತ್ತೆ.

ಅಮ್ಮನ ವಿಷಯಕ್ಕೆ ಬರೋಣ. ಅಮ್ಮನಿಗೆ ಇಳಕಲ್ ಸೀರೆ ಅಂದ್ರೆ ಪ್ರಾಣ. ಅವಳ ಫೋಟೋ ಹಾಕಿ ಒಂದು ಇಳಕಲ್ ಸೀರೆ ಉಡ್ಸಿ ತೋರಿಸ್ತೀನಿ ಬಾ ಅಂದೆ. ಫೋಟೋ ಬಂತು, ಅಮ್ಮ ಕನ್ನಡಕ ಹಾಕ್ಕೊಂಡು ನೋಡಿದ್ಲು, ಮೊದಲನೇ ಮಾತೇ, ಏನೇ ಇದು ನನ್ನ ತಾಳಿ ಎಲ್ಲೇ ಅಂದ್ಲು. ನಿಜವಾಗ್ಲೂ ಇರ್ಲಿಲ್ಲ! ಕತ್ತಿನ ಕೆಳಗೆ ಅಳಿಸಿ ಬರೀವಾಗ ತಾಳಿ ಸರ, ಕರಿಮಣಿ, ಕೈಬಳೆ ಎಲ್ಲಾ ಗುಡಿಸಿ ಹಾಕಿತ್ತು, ಎಡಗೈ ಬೆರಳು ಬೇರೆ ಒಂದಕ್ಕೊಂದು ಅಂಟಿಕೊಂಡಿತ್ತು. ಅಪ್ಪ ಪೇಪರ್ ಓದ್ತಾ ಅಲ್ಲೇ ಕೂತಿದ್ರು, ಅವರಿಗೆ ಕೇಳಿಸಿಲ್ಲ ಪುಣ್ಯಕ್ಕೆ. ಹಾಳು ಮೊಬೈಲು ಹತ್ರ ತರಬೇಡ ಅಂತ ಬೈದು ಎದ್ದೋದ್ಲು. ನಾನು ನಗ್ತಿದ್ದೆ, ಆದ್ರೆ ಆ ತಲೆಮಾರಿನ ಹೆಂಗಸಿಗೆ ಅದು ತಮಾಷೆ ಅಲ್ಲ.

ಸೀರೆನೂ ಸರಿ ಇರ್ಲಿಲ್ಲ ಅನ್ನೋದು ಆಮೇಲೆ ಅಮ್ಮನೇ ಹೇಳಿದ್ದು. ಇಳಕಲ್ ಅಂದ್ರೆ ಆ ಕೆಂಪು ಸೆರಗು, ಅದರ ಮೇಲೆ ಬಿಳಿ ತೆನೆ ಡಿಸೈನು, ಮೈಯ ಹಾಸು, ಅಂದ್ರೆ ಉದ್ದಕ್ಕೆ ಓಡೋ ಎಳೆ, ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿರ್ತಾರೆ, ಹಂಗಾಗಿ ಸೆರಗು ಎಲ್ಲಿ ಶುರು ಆಗುತ್ತೆ ಅನ್ನೋದು ಗೆರೆ ಎಳೆದಂಗೆ ಕಾಣುತ್ತೆ. ಈ ಎಐ ಮಹಾಶಯ ಸೆರಗಿನ ತೆನೆ ತಂದು ನೆರಿಗೆ ಮೇಲೆ ಸಾಲಾಗಿ ಇಟ್ಟಿದ್ದಾನೆ, ಅಂಚು ಸೊಂಟದ ಹತ್ರ ಮಾಯ ಆಗಿ ಹೆಗಲ ಹತ್ರ ಎದ್ದಿದೆ. ಐದೂವರೆ ಮೀಟರ್ ಬಟ್ಟೆನ ಸುತ್ತಿ, ನೆರಿಗೆ ಹಿಡಿದು, ಸಿಗಿಸಿ ಉಡೋದು ಅಂತ ಅದಕ್ಕೆ ಗೊತ್ತೇ ಇಲ್ಲ, ಅದರ ಪಾಲಿಗೆ ಸೀರೆ ಅಂದ್ರೆ ಹೂವಿನ ಡಿಸೈನಿರೋ ಒಂದು ಉದ್ದ ಗೌನು. ಇದೇ ಗತಿ ಆದ್ರೆ ನೆರಿಗೆ ಹಿಂದಕ್ಕೆ ಬಿಟ್ಟು ಉಡೋ ಕೊಡಗಿನೋರು ಏನ್ ಮಾಡ್ಬೇಕು?

ಇನ್ನೊಂದು, ಬಣ್ಣ. ಬಟ್ಟೆ ಬಣ್ಣ ಹೋಗ್ಲಿ, ನನ್ನ ಬಣ್ಣ. ನಾನು ಕಪ್ಪು, ನನಗೆ ಅದರ ಬಗ್ಗೆ ಬೇಜಾರಿಲ್ಲ, ನನ್ನ ಪಾಡಿಗೆ ಇದ್ದೀನಿ. ಟ್ರೈ ಆನ್ ತೋರಿಸೋ ನನ್ನ ಫೋಟೋದಲ್ಲಿ ಕೈ ಎರಡೂ ಗೋಧಿ ಬಣ್ಣ, ಮುಖ ಒಂಚೂರು ತಿಕ್ಕಿ ತೊಳೆದಂಗೆ, ಸೊಂಟ ಎರಡಿಂಚು ಒಳಗೆ. ಯಾರು ಕೇಳಿದ್ರು ನಿನ್ನ? ಕಪ್ಪು ಮೈಗೆ ಹಳದಿ ಹೆಂಗೆ ಕಾಣುತ್ತೆ ಅಂತ ನೋಡಕ್ಕೆ ಬಂದೋಳಿಗೆ ಬಿಳಿ ಮೈ ಮೇಲಿನ ಹಳದಿ ತೋರಿಸಿದ್ರೆ ನನಗೇನು ಉಪಯೋಗ? ಚಿಕ್ಕೋಳಿದ್ದಾಗ ಸ್ಟುಡಿಯೋದೋನು ಹೇಳದೆ ಕೇಳದೆ ಮುಖಕ್ಕೆ ಟಚಪ್ ಮಾಡಿ ಕೊಡ್ತಿದ್ದ, ಅವನ ಮೇಲೆ ಎಷ್ಟು ಉರೀತಿತ್ತೋ ಅಷ್ಟೇ ಈಗಲೂ ಉರೀತು.

ಫೋಟೋ ಎಲ್ಲಿ ಹೋಗುತ್ತೆ ಅನ್ನೋದು ಬೇರೆ ಇದೆ. ಪೂರ್ತಿ ಮೈ ಕಾಣೋ ಫೋಟೋ ಕೊಡಿ, ಮೈಗಂಟೋ ಬಟ್ಟೆ ಹಾಕಿದ್ರೆ ರಿಸಲ್ಟ್ ಚೆನ್ನಾಗಿ ಬರುತ್ತೆ ಅಂತ ಸಲಹೆ ಕೊಡ್ತಾರೆ, ಎಷ್ಟು ದಿನ ಇಟ್ಕೊತೀರಿ, ನಿಮ್ಮ ಎಐಗೆ ಪಾಠ ಕಲಿಸಕ್ಕೆ ಬಳಸ್ತೀರಾ ಅಂತ ಹುಡುಕಿದ್ರೆ ಮುಗಿಯದ ಇಂಗ್ಲಿಷ್ ಪುರಾಣ. ನಮ್ಮ ದೇಶದಲ್ಲಿ 2023ರಲ್ಲೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಆಗಿದೆ, ಒಪ್ಪಿಗೆ ಕೇಳೋ ನೋಟಿಸನ್ನ ಇಂಗ್ಲಿಷಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೋ ಅದರಲ್ಲಿ ಓದೋ ಅವಕಾಶ ಕೊಡ್ಬೇಕು ಅಂತ ಅದರಲ್ಲೇ ಇದೆ, ಕನ್ನಡನೂ ಅದರಲ್ಲಿ ಒಂದು. ನಿಯಮ ಹೊರಗೆ ಬಂದಿದ್ದು 2025ರ ನವೆಂಬರಲ್ಲಿ, ಮುಖ್ಯವಾದ ಕಲಮುಗಳಿಗೆ ಅಲ್ಲಿಂದ 18 ತಿಂಗಳು ಟೈಮು ಬೇರೆ ಕೊಟ್ಟಿದ್ದಾರೆ. ಅಲ್ಲೀವರೆಗೂ ನಮ್ಮಮ್ಮನಂಥೋರು ಏನೂ ಓದದೆ ಐ ಅಗ್ರೀ ಒತ್ತುತ್ತಾ ಇರ್ಲಿ ಅಂತ. ಅದೇ ಕಡೆಯಿಂದ ಆಫರ್ ಮೆಸೇಜು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತೆ ನೋಡಿ, ಯುಗಾದಿ ಧಮಾಕಾ ಅಂತ.

ಇಷ್ಟು ಕೋಟಿ ಸುರಿದು ಎಐ ಮಾಡೋ ಬದ್ಲು ಸೈಜ್ ಚಾರ್ಟ್ ಸರಿ ಮಾಡ್ರಪ್ಪಾ. ಒಂದು ಬ್ರ್ಯಾಂಡಲ್ಲಿ ನಾನು ಲಾರ್ಜು, ಇನ್ನೊಂದ್ರಲ್ಲಿ ಟ್ರಿಪಲ್ ಎಕ್ಸೆಲ್ಲು, ಒಂದೇ ವಾರದಲ್ಲಿ ನಾನೇನು ಊದಿ ಇಳಿದ್ನಾ? ನಮ್ಮ ಮೈಗೆ ತಕ್ಕ ಸೈಜ್ ಬೇಕು ಅಂತಲೇ ಫ್ಯಾಷನ್ ಕಲಿಸೋ ಸರ್ಕಾರಿ ಸಂಸ್ಥೆ ನಿಫ್ಟ್‌ನೋರು ಇಂಡಿಯಾಸೈಜ್ ಅಂತ ಯೋಜನೆ ಮಾಡಿದ್ರು, ಬೆಂಗಳೂರೂ ಸೇರಿ 6 ಊರಲ್ಲಿ 25,000 ಜನರನ್ನ 3ಡಿ ಸ್ಕ್ಯಾನರಲ್ಲಿ ಅಳೆಯೋದು ಅಂತ. ನಮ್ಮ ಬೀದಿ ಟೈಲರಿಗೆ ಸ್ಕ್ಯಾನರೂ ಬೇಡ, ಒಂದು ಅಳತೆ ಬ್ಲೌಸ್ ಕೊಟ್ರೆ ಸಾಕು, ಅದರ ಮೇಲೂ ಮುಖ ನೋಡಿ, ಸ್ವಲ್ಪ ದಪ್ಪ ಆಗಿದ್ದೀರ ಒಳಗೆ ಬಟ್ಟೆ ಜಾಸ್ತಿ ಬಿಡ್ತೀನಿ ಅಂತಾರೆ. ನೀವು ಎದೆ ಇಷ್ಟಿಂಚು, ಉದ್ದ ಇಷ್ಟಿಂಚು, ಲೈನಿಂಗ್ ಇದೆ ಅಥವಾ ಇಲ್ಲ, ಅಷ್ಟು ಸರಿಯಾಗಿ ಬರೆದು ಹಗಲು ಬೆಳಕಲ್ಲಿ ತೆಗೆದ ಒಂದು ಫೋಟೋ ಹಾಕಿ, ಮಿಕ್ಕಿದ್ದು ನಾವು ನೋಡ್ಕೊತೀವಿ.

ಈ ಟ್ರೈ ಆನ್ ಬಗ್ಗೆ ಒಂದು ರಿವ್ಯೂ ಬರೆಯೋಣ ಅಂತ ಆಪ್ ಎಲ್ಲಾ ಜಾಲಾಡಿದೆ, ಬಟ್ಟೆಗೆ ಸ್ಟಾರ್ ಕೊಡಬಹುದು, ಡೆಲಿವರಿ ಹುಡುಗನಿಗೆ ಕೊಡಬಹುದು, ಈ ಫೀಚರಿಗೆ ಮಾತ್ರ ಬರೆಯೋ ಜಾಗ ಇಲ್ಲ, ಫೋಟೋ ಕೆಳಗೆ ಎರಡು ಹೆಬ್ಬೆಟ್ಟು ಅಷ್ಟೇ. ಕೆಳಗಿನ ಹೆಬ್ಬೆಟ್ಟು ಒತ್ತಿದೆ. ಥ್ಯಾಂಕ್ಯೂ ಅಂತ ಬಂತು, ಅದರ ಹಿಂದೇನೇ ಅದೇ ದರಿದ್ರ ಸೆಟ್ಟನ್ನ ಬಾಟಲ್ ಗ್ರೀನಲ್ಲಿ ನನ್ನ ಮೈಮೇಲೆ ಹಾಕಿ, ಇದು ನಿಮಗೆ ಇಷ್ಟ ಆಗಬಹುದು ಅಂತ ಕಳ್ಸಿದ್ದಾರೆ.