ಏರುವ ಗಾಡಿಗೆ ದಾರಿ ಬಿಡಿ

ನನ್ನ ಮಾವ ಮೂವತ್ತು ವರ್ಷ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ ಓಡಿಸಿದವರು. 14 ಹೇರ್‌ಪಿನ್ ತಿರುವುಗಳನ್ನು ಮಳೆಗಾಲದ ಮಂಜಿನಲ್ಲಿ ಹಾರ್ನ್ ಒಂದನ್ನೇ ನಂಬಿ ಇಳಿದವರು. ಅಂಥವರನ್ನು ಕಾರ್ ರೇಸ್ ತೋರಿಸ್ತೀವಿ ಅಂತ ಕರೆದುಕೊಂಡು ಹೋಗಿದ್ದು ನಮ್ಮದೇ ತಪ್ಪು.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಊರು ದೋಸೆ ಕಾವಲಿ ಹಾಗೆ ಚಪ್ಪಟೆ. ನಮ್ಮಲ್ಲಿಗೆ ಬಂದಿದ್ದ ಮಾವನ ಮಲೆನಾಡಿನ ಜೀವ ಗುಡ್ಡ ಕಾಣದೆ ಸೊರಗಿತ್ತು. ಬೆಲ್ಜಿಯಂನ ಆರ್ಡೆನ್ ಕಾಡುಗುಡ್ಡಗಳ ನಡುವೆ ಸ್ಪಾ-ಫ್ರಾಂಕೋರ್‌ಶಾಂ ಟ್ರ್ಯಾಕ್ ಇದೆ, ಸುತ್ತು 7 ಕಿಲೋಮೀಟರ್, ಕೆಳಗಿನ ತುದಿಗೂ ಮೇಲಿನ ತುದಿಗೂ ಸುಮಾರು 100 ಮೀಟರ್ ವ್ಯತ್ಯಾಸ ಅಂತ ಗಂಡ ಆಸೆ ಹುಟ್ಟಿಸಿದ. ಹುಟ್ಟಿಸಿದ್ದು ಅಪ್ಪನಿಗೋ, ತನಗೋ ಗೊತ್ತಿಲ್ಲ. ಟಿಕೆಟ್ ಕಡಿಮೆ ಅಂತ ಫಾರ್ಮುಲಾ ಒನ್‌ನ ಶುಕ್ರವಾರದ ದಿನ ಆರಿಸಿದ.

ದಾರಿಯಲ್ಲೇ ಶುರುವಾಯಿತು. ಡಚ್ ಬೋರ್ಡ್‌ಗಳಲ್ಲಿ 'ಲೌಕ್' ಅಂತ ಇದ್ದ ಊರು ಗಡಿ ದಾಟಿದ ಮೇಲೆ 'ಲಿಯೇಜ್' ಆಗುತ್ತದೆ. ಎರಡೂ ಒಂದೇ ಊರು. ಮಾವನಿಗೆ ಜಿಪಿಎಸ್ ಮೇಲೆ ನಂಬಿಕೆ ಇಲ್ಲ, ಬೋರ್ಡ್ ಮೇಲೆ ಇದೆ. "ಲೌಕ್ ತಪ್ಪಿತು, ತಿರುಗ್ಸೋ" ಅಂತ ಅರ್ಧ ಗಂಟೆ ಹೇಳಿದರು.

ಕಾರನ್ನು ಹುಲ್ಲುಗಾವಲಲ್ಲಿ ನಿಲ್ಲಿಸಿ ನಡೆದೆವು. ಸಣ್ಣ ಮಳೆ ಹಿಡಿಯಿತು. ನಾನು ಹಾಕಿಕೊಂಡಿದ್ದು ಹೊಸ ಬಿಳಿ ಶೂ. ಹೆಚ್ಚು ಹೇಳುವುದಿಲ್ಲ.

ಅಲ್ಲಿನ ಹೆಸರುವಾಸಿ ತಿರುವು ಓ ರೂಜ್. ಅಂದರೆ ಕೆಂಪು ನೀರು. ಆ ಹೆಸರಿನ ಹೊಳೆ ಟ್ರ್ಯಾಕ್ ಅಡಿಯಲ್ಲೇ ಹರಿಯುತ್ತದೆ. ಕಾರುಗಳು ಇಳಿಜಾರಿನಲ್ಲಿ ನುಗ್ಗಿ ಬಂದು, ಹೊಳೆ ದಾಟಿ, ಗೋಡೆ ಹಾಗಿರುವ ರೇಡಿಯೋಂ ಅನ್ನುವ ದಿಣ್ಣೆ ಏರಿ ಮಾಯವಾಗುತ್ತವೆ. ಮಾವ ಬಾಯಿ ತೆರೆದು ನೋಡಿದರು. ನಮಗೆ ಖುಷಿಯಾಯಿತು.

"ಯಾರು ಮುಂದಿದ್ದಾರೆ?"

"ಯಾರೂ ಇಲ್ಲ ಅಪ್ಪ, ಇವತ್ತು ಪ್ರಾಕ್ಟೀಸ್."

"ಇವರು ಡ್ರೈವಿಂಗ್ ಕಲಿಯೋದು ನೋಡಕ್ಕೆ ಇಷ್ಟು ದೂರ ಬಂದದ್ದಾ?"

ಗಂಡ ಗೌರವ ಉಳಿಸಿಕೊಳ್ಳಲು ಇತಿಹಾಸ ತೆಗೆದ. 2009ರಲ್ಲಿ ನಮ್ಮ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡದ ಫಿಸಿಕೆಲ್ಲಾ ಇಲ್ಲೇ ಎಲ್ಲರಿಗಿಂತ ಮುಂದೆ ನಿಂತು ಶುರುಮಾಡಿ, ಎರಡನೆಯವನಾಗಿ ಮುಗಿಸಿದ್ದ. ಮಾವ ಡ್ರೈವರ್ ಬಗ್ಗೆ ಏನೂ ಕೇಳಲಿಲ್ಲ. ಓನರ್ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಗಂಡ 2021ಕ್ಕೆ ಹಾರಿದ. ಆ ಸಲ ಜನ ಇಡೀ ದಿನ ಮಳೆಯಲ್ಲಿ ನೆನೆದರು. ಕೊನೆಗೆ ಕಾರುಗಳು, ವೇಗ ತಗ್ಗಿಸಲು ಮುಂದೆ ಬಿಡುವ ಸೇಫ್ಟಿ ಕಾರ್ ಹಿಂದೆ ಸಾಲಾಗಿ ಒಂದೆರಡು ಸುತ್ತು ಹೋದವು. ಅದೇ ರೇಸ್ ಅಂತ ಎಂದಿನ ಅರ್ಧದಷ್ಟು ಪಾಯಿಂಟ್ ಕೊಟ್ಟರು.

"ದಿಬ್ಬಣ ಅನ್ನು" ಅಂದರು ಮಾವ.

ನಮ್ಮ ಟಿಕೆಟ್ಟಿಗೆ ಸೀಟಿಲ್ಲ. ಮೇಲೆ ಕೆಮ್ಮೆಲ್ ಅನ್ನುವ ನೇರ ದಾರಿಯ ಪಕ್ಕದ ಹುಲ್ಲಿನ ದಿಬ್ಬವೇ ಗ್ಯಾಲರಿ. ಹತ್ತುವಷ್ಟರಲ್ಲಿ ನಿಜವಾಗಿಯೂ ಕೆಮ್ಮು ಬಂದಿದ್ದರಿಂದ ಹೆಸರು ಮರೆತಿಲ್ಲ. ಕಾಡಿನ ಕಾಲುದಾರಿ ಕೆಸರು, ಅಗಲ ಒಂದಾಳು. ಎದುರಿಗೆ ಕಿತ್ತಳೆ ಅಂಗಿಯ ಆರಡಿ ಡಚ್ಚ, ಎರಡೂ ಕೈಯಲ್ಲಿ ಬಿಯರ್. ಮಾವ ಕದಲಲಿಲ್ಲ.

"ಮಾವ, ಸ್ವಲ್ಪ ಸರೀರಿ."

"ನಾವು ಏರ್ತಾ ಇರೋದು ಮಾರಾಯ್ತಿ. ಇಳಿಯೋ ಗಾಡಿ ನಿಲ್ಲಬೇಕು."

ಡಚ್ಚನಿಗೆ ಘಾಟಿ ಕಾನೂನು ಹೇಗೆ ಅರ್ಥವಾಯಿತೋ, ಪೊದೆಯೊಳಗೆ ಇಳಿದು ನಿಂತ. ಸರಿದು ಮರ್ಯಾದೆ ತೋರಿಸಲು ಹೋಗಿ ಜಾರಿದವಳು ನಾನೊಬ್ಬಳೇ.

ದಿಬ್ಬದಲ್ಲಿ ಕೂತು ಚಿತ್ರಾನ್ನ ತೆಗೆದೆ. ಸ್ಟೀಲ್ ಡಬ್ಬಿ ದುಂಡಗೆ, ದಿಬ್ಬ ಕಡಿದು. ಆಮೇಲಿನದು ನಿಮಗೇ ಗೊತ್ತಾಗುತ್ತೆ. ಡಬ್ಬಿ ಉರುಳಿ ನಾಲ್ಕು ಸಾಲು ಜನರನ್ನು ಓವರ್‌ಟೇಕ್ ಮಾಡಿ ಬೇಲಿಗೆ ಹೊಡೆಯಿತು. ಜನ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಕಾರುಗಳು ನಿಂತಿದ್ದವು, ಅವರಿಗೂ ಬೇರೆ ಮನರಂಜನೆ ಇರಲಿಲ್ಲ. ಊಟಕ್ಕೆ ಮೇಯನೇಸ್ ಸುರಿದ ಆಲೂಗಡ್ಡೆ ಫ್ರೈಸ್ ಆಯಿತು. ಮಾವ ಮೇಯನೇಸ್ ಒರೆಸಿ ಒರೆಸಿ ತಿಂದರು.

ಅಷ್ಟೂ ಹೊತ್ತು ಗಂಡನದು ಟೈರ್ ಪಾಠ. ಕೆಂಪು ಗೆರೆ ಮೆತ್ತನೆಯದು, ಬಿಳಿ ಗಟ್ಟಿ, ಹಸಿರು ಸಣ್ಣ ಮಳೆಗೆ, ನೀಲಿ ಜೋರು ಮಳೆಗೆ. ಸಂಜೆ ಕಾರಿಗೆ ಬಂದು ಸ್ಟಾರ್ಟ್ ಮಾಡಿದರೆ ಮುಂದಿನ ಚಕ್ರಗಳು ಕೆಸರಲ್ಲಿ ಗಿರ್ರನೆ ತಿರುಗಿದವು. ಕಾರು ಅಲ್ಲೇ. ಅವನು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಒಳಗೆ ಹೋಯಿತು.

"ಇಳಿ" ಅಂದರು ಮಾವ. ಮೂವತ್ತು ವರ್ಷದ ಸರ್ವೀಸ್ ಆ ಒಂದು ಮಾತಿನಲ್ಲಿತ್ತು. ಗಂಭೀರವಾಗಿ ಬಲಗಡೆಯ ಬಾಗಿಲು ತೆಗೆದು ಕೂತು, ಕೈ ಚಾಚಿದರು. ಸ್ಟೀರಿಂಗ್ ಇರಲಿಲ್ಲ. ಮೂರು ವಾರದಿಂದ ಅದೇ ಸೀಟಿನಲ್ಲಿ ಓಡಾಡಿದವರು, ಆವೇಶದಲ್ಲಿ ಮರೆತಿದ್ದರು. ನಾನು ತುಟಿ ಕಚ್ಚಿಕೊಂಡೆ.

"ಇಲ್ಲಿಂದ್ಲೇ ಹೇಳ್ತೀನಿ, ನೀನೇ ಹತ್ತು" ಅಂದರು, ಅದೇ ಗಾಂಭೀರ್ಯದಲ್ಲಿ. ಕಾಲಡಿಯ ಮ್ಯಾಟ್‌ಗಳು ಮುಂದಿನ ಚಕ್ರದ ಅಡಿಗೆ ಹೋದವು. ಸೆಕೆಂಡ್ ಗೇರ್. ಕ್ಲಚ್ ಮೆಲ್ಲಗೆ. ಹಿಂದೆ ತಳ್ಳಲು ನಾನು. ಕಾರು ಒಮ್ಮೆ ಕೊಸರಾಡಿ ಹೊರಬಂತು. ಮ್ಯಾಟುಗಳು ಹಿಂದಕ್ಕೆ ಹಾರಿದವು, ನನ್ನ ಕಡೆಗೇ.

ಗುಡ್ಡ ಇಳಿಯುವ ದಾರಿಯಲ್ಲಿ ಮೊದಲ ತಿರುವು ಬಂತು.

"ಹಾರ್ನ್ ಹೊಡಿಯೋ."

ಆರು ವರ್ಷದಿಂದ ಹಾರ್ನ್ ಮುಟ್ಟದ ನನ್ನ ಗಂಡ ಉದ್ದಕ್ಕೆ ಹೊಡೆದ. ಬೇಲಿಯಾಚೆ ಮೇಯುತ್ತಿದ್ದ ಬೆಲ್ಜಿಯಂ ಹಸು ತಲೆ ಎತ್ತಿ ನೋಡಿತು.