ಕುರ್ಚಿ ಮೇಲಿದ್ದ ಪಿಸ್ತೂಲು

ಮಾರ್ಟಿನ್ ಲೂಥರ್ ಕಿಂಗ್ ಅಂದ ಕೂಡಲೇ ಎಲ್ಲರಿಗೂ 1963ರ ಕನಸಿನ ಭಾಷಣ ನೆನಪಾಗುತ್ತದೆ. ನನಗೆ ಮಾತ್ರ ಒಂದು ಕುರ್ಚಿ ನೆನಪಾಗುತ್ತದೆ.

1956. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮೆರಿಯಲ್ಲಿ, ಬಸ್ಸಿನಲ್ಲಿ ಕರಿಯರನ್ನು ಬೇರೆ ಕೂರಿಸೋದರ ವಿರುದ್ಧ ಕಿಂಗ್ ಮುಂದಾಳತ್ವದಲ್ಲಿ ಬಸ್ ಬಹಿಷ್ಕಾರ ನಡೆಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಲ್ಲ ಅಂತ ಜೈಲಿಗೆ ಹೋಗಿಬಂದಿದ್ದ ಅಹಿಂಸಾವಾದಿ ಬೇಯಾರ್ಡ್ ರಸ್ಟಿನ್, ಕಿಂಗ್ ಮನೆಗೆ ಬಂದಿದ್ದರು. ಜೊತೆಗಿದ್ದ ಪತ್ರಕರ್ತ ಕುರ್ಚಿಯಲ್ಲಿ ಕೂರಲು ಹೋದರೆ ರಸ್ಟಿನ್ ತಡಿ ತಡಿ ಅಂತ ಕೂಗಿದರಂತೆ. ಕುರ್ಚಿ ಮೇಲೆ ಪಿಸ್ತೂಲು!

ಬ್ಯಾಪ್ಟಿಸ್ಟ್ ಪಾದ್ರಿ ಮನೆ ಅದು. ಆದರೆ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಜನವರಿ 30ರ ರಾತ್ರಿ ಅದೇ ಮನೆಯ ಜಗಲಿಗೆ ಬಾಂಬ್ ಬಿದ್ದಿತ್ತು. ಒಳಗೆ ಹೆಂಡತಿ ಕೊರೆಟಾ, ಇನ್ನೂ ಮೂರು ತಿಂಗಳೂ ತುಂಬದ ಮಗಳು. ಕಿಂಗ್‌ಗೆ ಆಗ ಬರೀ 27. ಸಭೆಯಿಂದ ಓಡಿ ಬಂದರೆ ಮನೆ ಮುಂದೆ ಸಿಟ್ಟಿಗೆದ್ದ ಜನ, ಕೆಲವರ ಕೈಯಲ್ಲಿ ಬಂದೂಕು. ಹಾಳಾದ ಆ ಜಗಲಿ ಮೇಲೇ ನಿಂತು, ಆಯುಧ ತಂದಿದ್ದರೆ ವಾಪಸ್ ತಗೊಂಡು ಹೋಗಿ ಅಂತ ಸಮಾಧಾನ ಮಾಡಿ ಕಳಿಸಿದರು. ಆಮೇಲೆ? ತಾವೇ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದರು! ಸಿಗಲಿಲ್ಲ, ಆ ಊರಲ್ಲಿ ಕರಿಯರಿಗೆ ಯಾರು ಕೊಡ್ತಾರೆ.

ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ನಗಬಹುದು. ನನಗೆ ನಗು ಬರಲ್ಲ. ಊರಿಗೆ ಹೇಳಿದ್ದನ್ನು ಮನೆಯೊಳಗೆ ತರೋಕೆ ಅವರಿಗೆ ಸ್ವಲ್ಪ ಟೈಮ್ ಹಿಡಿಯಿತು. ರಸ್ಟಿನ್, ಆಮೇಲೆ ಗ್ಲೆನ್ ಸ್ಮೈಲಿ ಅನ್ನೋ ಇನ್ನೊಬ್ಬ ಪಾದ್ರಿ ಕೂತು ವಾದ ಮಾಡಿದರು, ಗಾಂಧಿ ಬಗ್ಗೆ ಮಾತಾಡಿದರು. ಕೊನೆಗೆ ಬಂದೂಕುಗಳು ಮನೆ ಬಿಟ್ಟವು.

ಹತ್ತು ವರ್ಷದ ಮೇಲೆ ಅದೇ ಪಾಠ ತಿರುಗಿ ಬಂತು. ಅಮೆರಿಕದ ಉತ್ತರ ಭಾಗದ ಕೊಳೆಗೇರಿ ಹುಡುಗರಿಗೆ ಹಿಂಸೆ ಬೇಡ ಅಂದರೆ ಅವರು, ಹಂಗಾದ್ರೆ ವಿಯೆಟ್ನಾಂನಲ್ಲಿ ನಮ್ಮ ಸರ್ಕಾರ ಮಾಡ್ತಿರೋದೇನು ಅಂತ ಕೇಳಿದರು. ಏನಂತ ಉತ್ತರ ಕೊಡೋದು, ಅಲ್ವಾ? 1967ರ ಏಪ್ರಿಲ್ 4ರಂದು ನ್ಯೂಯಾರ್ಕ್‌ನ ರಿವರ್‌ಸೈಡ್ ಚರ್ಚ್‌ನಲ್ಲಿ ನಿಂತು, ಇವತ್ತು ಜಗತ್ತಿಗೆಲ್ಲ ಅತಿ ಹೆಚ್ಚು ಹಿಂಸೆ ಹಂಚುತ್ತಿರುವುದು ನನ್ನದೇ ಸರ್ಕಾರ ಅಂದುಬಿಟ್ಟರು. ನಾಗರಿಕ ಹಕ್ಕು ನೋಡ್ಕೊಳ್ಳಪ್ಪಾ, ಯುದ್ಧದ ಉಸಾಬರಿ ನಿನಗ್ಯಾಕೆ ಅನ್ನೋ ಧಾಟಿಯಲ್ಲಿ ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಎರಡೂ ಬೈದವು. ಜೊತೆಗಿದ್ದವರೇ ದೂರ ಸರಿದರು. ನನ್ನ ಕೇಳಿದರೆ ಕನಸಿನ ಭಾಷಣಕ್ಕಿಂತ ಇದಕ್ಕೇ ಜಾಸ್ತಿ ಗಟ್ಟಿ ಗುಂಡಿಗೆ ಬೇಕಿತ್ತು.

ಸರಿಯಾಗಿ ಒಂದು ವರ್ಷ. 1968ರ ಏಪ್ರಿಲ್ 4. ಮೆಂಫಿಸ್‌ನಲ್ಲಿ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತಿದ್ದರು, ಉಳಿದವರು ಮುಷ್ಕರ ಹೂಡಿದ್ದರು. ಅವರ ಬೆಂಬಲಕ್ಕೆ ಹೋದ ಕಿಂಗ್ ಅವರನ್ನು ಮೋಟೆಲ್ ಬಾಲ್ಕನಿಯಲ್ಲಿ ಗುಂಡಿಟ್ಟು ಕೊಂದರು. 39 ವರ್ಷ. ಹನ್ನೆರಡು ದಿನಕ್ಕೆ ನಗರಾಡಳಿತ ಕಾರ್ಮಿಕರ ಸಂಘವನ್ನು ಒಪ್ಪಿಕೊಂಡಿತು, ಸಂಬಳವನ್ನೂ ಏರಿಸಿತು.