ಗುಟ್ಟಿಗೊಂದು ಬಾಡಿಗೆ ಮನೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಅಲ್ಲಿನ ಬಿಳಿಯ ಆಂಟೆನಾಗಳು ಆಕಾಶಕ್ಕೆ ಮುಖಮಾಡಿ ನಿಂತು, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಭೂಸ್ಥಿರ ಉಪಗ್ರಹಗಳು ತಮ್ಮ ಜಾಗದಿಂದ ಕದಲದಂತೆ ಕಾಯುತ್ತಿವೆ. ಅದೇ ರಸ್ತೆಯ ಒಂದು ಮಹಡಿ ಮನೆಯಲ್ಲಿ ನಾನು ಬಾಡಿಗೆಗಿದ್ದೇನೆ. ನನ್ನ ಅಗ್ರಿಮೆಂಟು ಹನ್ನೊಂದು ತಿಂಗಳದ್ದು. ನೀರಿನ ಮೋಟಾರಿನ ಸ್ವಿಚ್ಚು ಕೆಳಗಡೆ ಮಾಲೀಕರ ಹಜಾರದಲ್ಲಿ, ದೇವರ ಪಟದ ಪಕ್ಕದಲ್ಲಿದೆ. ಅವರು ಮದುವೆಗೋ ಮುಂಜಿಗೋ ಅರಸೀಕೆರೆಗೆ ಹೋದರೆಂದರೆ ಅಂದು ನಮ್ಮ ಮನೆಯಲ್ಲಿ ಸ್ನಾನವಿಲ್ಲ. ಇದನ್ನು ನನ್ನ ಕೈಲಾಗದತನವೆಂದು ತಿಳಿದು ಬಹಳ ಕಾಲ ಸಂಕೋಚಪಡುತ್ತಿದ್ದೆ. ಜಗತ್ತಿನ ಬಲಿಷ್ಠ ಸೇನೆಗಳೂ ಇದೇ ಏರ್ಪಾಟಿನಲ್ಲಿ ಸಂಸಾರ ನಡೆಸುತ್ತಿವೆ ಎಂದು ಗೊತ್ತಾದ ಮೇಲೆ ಆ ಸಂಕೋಚ ಹೋಗಿ, ಅದರ ಜಾಗದಲ್ಲಿ ಸ್ವಲ್ಪ ಹೆಮ್ಮೆಯೇ ಬಂದು ಕೂತಿದೆ.

ಅಮೆರಿಕವನ್ನೇ ನೋಡಿ. 2003ರ ಇರಾಕ್ ಯುದ್ಧದಲ್ಲಿ ಆ ದೇಶದ ಸೇನೆಯ ಉಪಗ್ರಹ ಸಂವಹನದಲ್ಲಿ ಸುಮಾರು ಶೇ 80ರಷ್ಟು ಖಾಸಗಿ ಕಂಪನಿಗಳ ಉಪಗ್ರಹಗಳ ಮೂಲಕವೇ ನಡೆಯಿತೆಂಬುದು ಈ ವ್ಯಾಪಾರದವರು ಎದೆಯುಬ್ಬಿಸಿ ಹೇಳುವ ಲೆಕ್ಕ. 2011ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಕಟ್ಟಿದ ಆಕಾಶದ ಬಾಡಿಗೆ 100 ಕೋಟಿ ಡಾಲರನ್ನೂ ಮೀರಿತ್ತು. ದೀರ್ಘಕಾಲದ ಗುತ್ತಿಗೆ ಮಾಡಿಕೊಂಡರೆ ಅಗ್ಗವೆಂದು ಗೊತ್ತಿದ್ದೂ, ಬಜೆಟ್ಟು ವರ್ಷಕ್ಕೊಮ್ಮೆ ಬರುವುದರಿಂದ ಕರಾರನ್ನೂ ವರ್ಷಕ್ಕೊಮ್ಮೆ ಬರೆಯುವುದು ಅಲ್ಲಿಯ ರೂಢಿ. ನನ್ನದು ಹನ್ನೊಂದು ತಿಂಗಳು, ಪೆಂಟಗನ್ನಿನದು ಹನ್ನೆರಡು, ವ್ಯತ್ಯಾಸವಿರುವುದು ಅಷ್ಟೇ.

ಅವಸರದಲ್ಲಿ ಮನೆ ಹುಡುಕುವವನು ಮಾಲೀಕನ ಗೋತ್ರ ವಿಚಾರಿಸುವುದಿಲ್ಲ. ಆಫ್ರಿಕಾದಲ್ಲಿದ್ದ ತನ್ನ ಪಡೆಗೆ ಬ್ಯಾಂಡ್‌ವಿಡ್ತ್, ಅಂದರೆ ಮಾಹಿತಿ ಸಾಗಿಸುವ ದಾರಿಯ ಅಗಲ, ಸಾಲದೆ ಹೋದಾಗ, 2012ರಲ್ಲಿ ಅದೇ ರಕ್ಷಣಾ ಇಲಾಖೆಯು ಆ್ಯಪ್‌ಸ್ಟಾರ್-7 ಎಂಬ ಉಪಗ್ರಹದಲ್ಲಿ ಸುಮಾರು 1 ಕೋಟಿ 6 ಲಕ್ಷ ಡಾಲರಿಗೆ ಒಂದು ವರ್ಷದ ಜಾಗ ಹಿಡಿಯಿತು. ಆ ಉಪಗ್ರಹದ ಕಂಪನಿಯು ಹಾಂಗ್‌ಕಾಂಗಿನದಾಗಿದ್ದು, ಅದರ ಹಿಂದೆ ಚೀನಾ ಸರ್ಕಾರದ ಬಂಡವಾಳವಿತ್ತು. ಮರುವರ್ಷ ಸಂಸತ್ತಿನ ಸಮಿತಿಯೆದುರು ಈ ವಿಷಯ ಹೊರಬಿದ್ದಾಗ, ಬೇಕಾದಷ್ಟು ಜಾಗ ಖಾಲಿಯಿದ್ದದ್ದು ಅಲ್ಲಿ ಮಾತ್ರ ಎಂಬ ಉತ್ತರ ಬಂತು. ಅತ್ತೆಯ ಮೇಲಿನ ದೂರನ್ನು ಅತ್ತೆಯ ಫೋನಿನಲ್ಲೇ ತವರಿಗೆ ಹೇಳುವ ಸೊಸೆಯ ಧೈರ್ಯಕ್ಕೆ ನಾವು ತಲೆದೂಗಲೇಬೇಕು. ಮಾತನ್ನು ಗೂಢಲಿಪಿಯಲ್ಲಿ ಸುತ್ತಿ ಕಳಿಸುತ್ತೇವೆ, ಭಯವಿಲ್ಲ ಎಂದು ಅಧಿಕಾರಿಗಳು ಸಮಾಧಾನ ಹೇಳಿದರು.

ಸುತ್ತಿ ಕಳಿಸುವ ಆ ಕಲೆಯ ಬಗೆಗೂ ಎರಡು ಮಾತು ಹೇಳಬೇಕು. ಉಪಗ್ರಹದಿಂದ ಇಳಿಯುವ ಸಂಕೇತವು ಬಾವಿಗೆ ಬಿಟ್ಟ ಹಗ್ಗದಂತೆ ಒಂದೇ ಕಡೆಗೆ ಇಳಿಯುವುದಿಲ್ಲ. ಮಲೆನಾಡಿನ ಮಳೆಯಂತೆ ಒಂದು ಸೀಮೆಯ ಮೇಲೆಲ್ಲ ಸುರಿಯುತ್ತದೆ, ಯಾರು ಪಾತ್ರೆ ಇಟ್ಟರೂ ತುಂಬುತ್ತದೆ. ಅಮೆರಿಕದ ಸೇನೆಯ ಪ್ರಿಡೇಟರ್ ಡ್ರೋನುಗಳು ಕಳಿಸುತ್ತಿದ್ದ ದೃಶ್ಯಗಳನ್ನು ಇರಾಕಿನ ಬಂಡುಕೋರರು 26 ಡಾಲರಿನ ಒಂದು ಸಾಫ್ಟ್‌ವೇರಿನಿಂದ ಹಿಡಿದು ನೋಡುತ್ತಿದ್ದರೆಂಬ ಸಂಗತಿ 2009ರ ಡಿಸೆಂಬರಿನಲ್ಲಿ ಬಯಲಾಯಿತು. ಆಕಾಶದಿಂದ ಬಿಟ್ಟಿಯಾಗಿ ಹಾಡು, ಸಿನಿಮಾ ಇಳಿಸಿಕೊಳ್ಳುವವರಿಗೆಂದು ತಯಾರಾಗಿದ್ದ ಸಾಫ್ಟ್‌ವೇರ್ ಅದು. ಆ ದೃಶ್ಯಗಳಿಗೆ ಗೂಢಲಿಪಿಯ ಬೀಗವನ್ನೇ ಹಾಕಿರಲಿಲ್ಲ. ಅಲ್ಲಿನವರಿಗೆ ಇಷ್ಟೆಲ್ಲ ತಿಳಿಯಲಾರದೆಂದು ಭಾವಿಸಿದ್ದರಂತೆ. ಇದರಿಂದ ಪಾಠ ಕಲಿತರೋ ಎಂದರೆ, 2025ರ ಅಕ್ಟೋಬರಿನಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಯಾನ್ ಡಿಯಾಗೊದ ಒಂದು ಕಟ್ಟಡದ ತಾರಸಿಯ ಮೇಲೆ ಸುಮಾರು 800 ಡಾಲರಿನ ಡಿಶ್ ಸಲಕರಣೆಯನ್ನಿಟ್ಟು ಕಿವಿಗೊಟ್ಟ ಫಲ ಪ್ರಕಟವಾಯಿತು. ಅವರಿಗೆ ಸಿಕ್ಕಿದ ಭೂಸ್ಥಿರ ಉಪಗ್ರಹಗಳ ಸಂಕೇತಗಳಲ್ಲಿ ಸುಮಾರು ಅರ್ಧದಷ್ಟು ಬೀಗವಿಲ್ಲದೆ ಬರುತ್ತಿದ್ದವು. ಜನರ ಫೋನ್ ಕರೆಗಳ ಜೊತೆಗೆ ಮೆಕ್ಸಿಕೊದ ಸೇನೆ, ಪೊಲೀಸರ ಮಾತುಕತೆಯೂ ಅಮೆರಿಕದ ಸೇನಾ ಹಡಗುಗಳ ಕೆಲವು ಮಾಹಿತಿಯೂ ಅದರಲ್ಲಿದ್ದವು. ಆಕಾಶವನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲವೆಂಬ ನಂಬಿಕೆಯ ಮೇಲೆ ನಿಂತ ಗೌಪ್ಯತೆ ಇದು.

ಇನ್ನು ಸ್ವಿಚ್ಚಿನ ವಿಷಯ. 2022ರ ಫೆಬ್ರುವರಿ 24ರಂದು ರಷ್ಯಾದ ಪಡೆಗಳು ಉಕ್ರೇನಿನೊಳಗೆ ನುಗ್ಗುವುದಕ್ಕೆ ಸುಮಾರು ಒಂದು ಗಂಟೆ ಮೊದಲು, ಉಕ್ರೇನಿನ ಸೇನೆಯೂ ಚಂದಾದಾರನಾಗಿದ್ದ ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್ನೆಟ್ ಜಾಲಕ್ಕೆ ಕನ್ನ ಹಾಕಿ, ಸಾವಿರಾರು ಮೋಡೆಮ್‌ಗಳ ನೆನಪನ್ನೇ ಅಳಿಸಿ ಹಾಕಲಾಯಿತು. ಅದೇ ಜಾಲವನ್ನು ನೆಚ್ಚಿಕೊಂಡಿದ್ದ ಜರ್ಮನಿಯ 5,800 ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಲೇ ಇದ್ದವು. ದೂರದಿಂದ ಅವನ್ನು ನೋಡಿಕೊಳ್ಳುವವರಿಗೆ ಮಾತ್ರ ಅವು ಕಾಣದಾದವು. ವಠಾರದಲ್ಲಿ ಒಬ್ಬರ ಮನೆಗೆ ಕಳ್ಳ ಬಂದರೆ ಎಲ್ಲರ ಹಂಚೂ ಒಡೆಯುತ್ತದೆ. ಆಮೇಲೆ ಉಕ್ರೇನ್ ಸ್ಟಾರ್‌ಲಿಂಕ್ ಎಂಬ ಹೊಸ ವಠಾರಕ್ಕೆ ಸಾಮಾನು ಸಾಗಿಸಿತು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಸಣ್ಣ ಉಪಗ್ರಹಗಳು, ಒಳ್ಳೆಯ ವೇಗ, ಎಲ್ಲವೂ ಚೆನ್ನ. ಆದರೆ ಮೋಟಾರಿನ ಸ್ವಿಚ್ಚು ಮಾಲೀಕರ ಹಜಾರದಲ್ಲೇ ಇತ್ತು. ರಷ್ಯಾದ ಹಿಡಿತದಲ್ಲಿದ್ದ ಕ್ರೈಮಿಯಾದ ಕಡೆಗೆ ಸೇವೆಯನ್ನು ತೆರೆಯಬೇಕೆಂದು ಉಕ್ರೇನ್ ಕೇಳಿಕೊಂಡಾಗ ತಾನು ಒಪ್ಪಲಿಲ್ಲವೆಂದು 2023ರಲ್ಲಿ ಸ್ಟಾರ್‌ಲಿಂಕಿನ ಒಡೆಯ ಎಲಾನ್ ಮಸ್ಕ್ ತಾವೇ ಹೇಳಿಕೊಂಡರು. ಯುದ್ಧಭೂಮಿಯ ಎಲ್ಲೆಯನ್ನು ಸೇನಾಪತಿಗಳ ಬದಲು ಒಬ್ಬ ಮನೆ ಮಾಲೀಕರು ಗೆರೆಯೆಳೆದು ತೋರಿಸಿದ್ದು ಇತಿಹಾಸದಲ್ಲಿ ಅಪರೂಪವಿರಬೇಕು. 2025ರ ಜುಲೈ 24ರಂದು ಕಂಪನಿಯ ಸಾಫ್ಟ್‌ವೇರ್ ಕೆಟ್ಟು ಜಗತ್ತಿನಾದ್ಯಂತ ಎರಡೂವರೆ ಗಂಟೆಯ ಕಾಲ ಸೇವೆ ನಿಂತಾಗ ಉಕ್ರೇನಿನ ರಣರಂಗವೂ ಮೌನವಾಯಿತು. ಅಂದು ಮಾಲೀಕರು ಅರಸೀಕೆರೆಗೆ ಹೋಗಿದ್ದರೆಂದು ತಿಳಿಯತಕ್ಕದ್ದು.

ಸೇನೆಯ ಮಟ್ಟಿಗೆ ಭಾರತೀಯರಾದ ನಾವು ಸ್ವಂತ ಮನೆಯವರು. ನೌಕಾಪಡೆಗೆ ರುಕ್ಮಿಣಿ, ವಾಯುಪಡೆಗೆ ಜಿಸ್ಯಾಟ್-7ಎ ಎಂಬ ಉಪಗ್ರಹಗಳನ್ನು ಹಾರಿಸಿ ಪ್ರತ್ಯೇಕ ಕೋಣೆಗಳನ್ನೇ ಕಟ್ಟಿಸಿಕೊಂಡಿದ್ದೇವೆ. ಸಾಮಾನು ಸಾಗಿಸಿದ ಲಾರಿ ಕೆಲವು ಸಲ ಬಾಡಿಗೆಯದಾಗಿತ್ತು, ಅಷ್ಟೆ. 2013ರಲ್ಲಿ ರುಕ್ಮಿಣಿ ಹೊರಟದ್ದು ದಕ್ಷಿಣ ಅಮೆರಿಕದ ಕೂರೂವಿನಿಂದ, ಏರಿಯಾನ್ ರಾಕೆಟ್ಟಿನಲ್ಲಿ. 2025ರ ನವೆಂಬರ್ 2ರಂದು ಶ್ರೀಹರಿಕೋಟಾದಿಂದ ನಮ್ಮದೇ ರಾಕೆಟ್ಟಿನಲ್ಲಿ 4,410 ಕಿಲೋ ತೂಕದ ಸಿಎಂಎಸ್-03 ಹೋದಾಗ ಇಸ್ರೋ ಅದನ್ನು ವಿಶಾಲ ಸಮುದ್ರಪ್ರದೇಶಕ್ಕೆ ಸೇವೆ ನೀಡುವ ಸಂವಹನ ಉಪಗ್ರಹವೆಂದು ಗಂಭೀರವಾಗಿ ಬಣ್ಣಿಸಿತು. ಆ ಸಮುದ್ರದಲ್ಲಿ ಮಾತಾಡುವವರು ಯಾರೆಂದು ಓದುಗರು ತಲೆ ಕೆಡಿಸಿಕೊಳ್ಳುವ ಮೊದಲೇ, ಅದು ತನ್ನದೇ ಎಂದು ನೌಕಾಪಡೆ ಸಂಭ್ರಮದಿಂದ ಸಾರಿಯಾಗಿತ್ತು.

ಗುಟ್ಟನ್ನು ಕಟ್ಟುನಿಟ್ಟಾಗಿ ಕಾಯುವುದು ಏನಿದ್ದರೂ ಪ್ರಜೆಯ ವಿಷಯದಲ್ಲಿ. ಸಕಲೇಶಪುರದಾಚೆಯ ತೋಟದಲ್ಲಿ ಮಳೆಗಾಲದಲ್ಲಿ ಕರೆಂಟಿನ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಹಾಗೆಂದು ಬೆಳೆಗಾರನೊಬ್ಬ ತುರಾಯಾ ಫೋನು ತಂದಿಟ್ಟುಕೊಂಡರೆ ಪೊಲೀಸರು ಬರುತ್ತಾರೆ. ಪರವಾನಗಿಯಿಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಈ ದೇಶದಲ್ಲಿ ಅಪರಾಧ. ತಿಳಿಯದೆ ತಂದ ವಿದೇಶಿ ಪ್ರವಾಸಿಗಳೂ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ. ಅದೇ ತೋಟದೊಳಗೆ ರಾತ್ರಿ ನುಗ್ಗಿ ಕಾಫಿ ಗಿಡ ಮುರಿದು ಹೋಗುವ ಕಾಡಾನೆಯ ಕೊರಳಿಗೆ ಮಾತ್ರ ಅರಣ್ಯ ಇಲಾಖೆಯೇ ಮುಂದೆ ನಿಂತು ರೇಡಿಯೊ ಕಾಲರ್ ಕಟ್ಟಿಸುತ್ತದೆ. ತಾನೆಲ್ಲಿದ್ದೇನೆಂದು ಸರ್ಕಾರಕ್ಕೆ ತಿಳಿಸುವ ಸವಲತ್ತು ಆನೆಗಿದೆ, ಆನೆ ಅಟ್ಟಿಸಿಕೊಂಡು ಬಂದವನಿಗಿಲ್ಲ.

ಇಷ್ಟನ್ನೂ ಮೊನ್ನೆ ಸಂಜೆ ಮಾಲೀಕರಿಗೆ ಸಾವಧಾನವಾಗಿ ವಿವರಿಸಿ, ಇನ್ನಾದರೂ ಮೋಟಾರಿನ ಸ್ವಿಚ್ಚನ್ನು ಮಹಡಿಗೆ ಹಾಕಿಸಿಕೊಡಬೇಕೆಂದು ಬಿನ್ನವಿಸಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು, "ಏನ್ ಮೇಷ್ಟ್ರೇ, ಅಷ್ಟು ದೊಡ್ಡ ಮಿಲಿಟ್ರಿಯವ್ರೇ ಓನರ್ ಕೈಲಿ ಸ್ವಿಚ್ ಬಿಟ್ಕಂಡು ಸುಮ್ನವ್ರೆ, ನಿಮ್ದೇನು ಎರಡು ಬಕೆಟ್ ನೀರು," ಎಂದರು. ಬರುವ ತಿಂಗಳು ಅಗ್ರಿಮೆಂಟು ಮುಗಿಯುವುದನ್ನೂ ಐನೂರು ರೂಪಾಯಿ ಏರುವುದನ್ನೂ ಅದೇ ಉಸಿರಿನಲ್ಲಿ ನೆನಪಿಸಿದರು.